ಎಣಿಕೆ ಮೊದಲು, ಬಣ್ಣ ಆಮೇಲೆ: ಜೀನ್ ಅಭಿವ್ಯಕ್ತಿಯ ಬಗ್ಗೆ ಓದುಗರ ಪ್ರಶ್ನೆಗಳು

ಒಂದು ಬೇರಿನಲ್ಲೋ ಎಲೆಯಲ್ಲೋ ಆ ಹೊತ್ತಿಗೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬುದನ್ನು ಅದರ ಆರ್‌ಎನ್‌ಎ ತುಣುಕುಗಳನ್ನು ಓದಿಸಿ, ಎಣಿಸಿ ತಿಳಿಯುತ್ತಾರೆ. ಈ ಸಲ ಬಂದ ಪತ್ರಗಳೆಲ್ಲ ಆ ಎಣಿಕೆಯ ಸುತ್ತಲಿನವು.

ಪ್ರಶ್ನೆ: ಕುಮಟಾ ಕಡೆಯ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಕಗ್ಗ ಭತ್ತ ಮತ್ತು ಉಪ್ಪು ತಡೆಯದ ಐಆರ್29 ತಳಿ, ಎರಡನ್ನೂ ಸಾದಾ ನೀರಿನಲ್ಲಿ ಮತ್ತು ಉಪ್ಪುನೀರಿನಲ್ಲಿ ಬೆಳೆಸಿ ಬೇರಿನ ಆರ್‌ಎನ್‌ಎ ಓದಿಸಬೇಕೆಂದಿದ್ದೇನೆ. ಗುಂಪಿಗೆ 3ರಂತೆ 12 ಮಾದರಿ. ನನ್ನಲ್ಲಿರುವುದು 8 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್. ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳಬೇಕೆ? ಯಾವುದು ಒಳ್ಳೆಯದು?
— ಸಂಶೋಧನಾ ವಿದ್ಯಾರ್ಥಿನಿ, ಶಿರಸಿ

ಉತ್ತರ: ಕೊಳ್ಳಬೇಡಿ. ಈ ಕೆಲಸದ ಮುಖ್ಯ ಸಾಫ್ಟ್‌ವೇರ್‌ಗಳೆಲ್ಲ ಉಚಿತ. ಆ ದುಡ್ಡನ್ನು ಮಾದರಿಗಳ ಸಂಖ್ಯೆಗೆ ಹಾಕಿ. 2016ರಲ್ಲಿ ಪ್ರಕಟವಾದ ಯೀಸ್ಟ್ ಪ್ರಯೋಗವೊಂದರಲ್ಲಿ ಎರಡು ಗುಂಪಿಗೆ ತಲಾ 48 ಮಾದರಿ ಓದಿಸಿದ್ದರು. ಅದರಲ್ಲಿ ಮೂರು ಮೂರನ್ನೇ ಆರಿಸಿ ಲೆಕ್ಕ ಹಾಕಿ ನೋಡಿದಾಗ, ಎಲ್ಲ ಮಾದರಿ ಸೇರಿಸಿ ಸಿಕ್ಕಿದ್ದ ಜೀನ್‌ಗಳಲ್ಲಿ ಶೇ 20ರಿಂದ 40 ಮಾತ್ರ ಸಿಕ್ಕವು. ಕನಿಷ್ಠ 6 ಇರಲಿ ಎಂಬುದು ಅಲ್ಲಿಯ ಸಲಹೆ. ಆರು ಆಗದಿದ್ದರೆ ನಾಲ್ಕಾದರೂ ಮಾಡಿ. ಅದಕ್ಕಾಗಿ ಪ್ರತಿ ಮಾದರಿಯನ್ನು ಓದಿಸುವ ಆಳ ಕಡಿಮೆ ಮಾಡಿದರೂ ನಷ್ಟವಿಲ್ಲ. 2 ಕೋಟಿ ಜೋಡಿ ರೀಡ್ (ತುಣುಕನ್ನು ಎರಡೂ ತುದಿಯಿಂದ ಓದಿದ ಅಕ್ಷರಸಾಲು) ಧಾರಾಳವಾಯಿತು. ಎರಡೂ ಬದಿಗೆ 150 ಅಕ್ಷರದಂತೆ ಅದು 600 ಕೋಟಿ ಅಕ್ಷರ. ಸೀಕ್ವೆನ್ಸಿಂಗ್ ಕಂಪನಿಯ ಕೊಟೇಶನ್‌ನಲ್ಲಿ ಇದನ್ನೇ 6 ಜಿಬಿ ಎಂದು ಬರೆದಿರುತ್ತಾರೆ. ಅದು ಗಿಗಾಬೇಸ್, ಡಿಸ್ಕಿನ ಗಿಗಾಬೈಟ್ ಅಲ್ಲ.

ಬೇರು ಕೀಳುವ ದಿನವೇ ಅರ್ಧ ವಿಶ್ಲೇಷಣೆ ಮುಗಿದಿರುತ್ತದೆ. ಸಾದಾ ನೀರಿನ ಗಿಡಗಳನ್ನು ಬೆಳಿಗ್ಗೆ, ಉಪ್ಪುನೀರಿನವನ್ನು ಮಧ್ಯಾಹ್ನ ಕಿತ್ತರೆ ಹಗಲಿನ ಗಡಿಯಾರಕ್ಕೆ ತಕ್ಕಂತೆ ಏರಿಳಿಯುವ ಸಾವಿರಾರು ಜೀನ್‌ಗಳು ಉಪ್ಪಿನ ಹೆಸರಿನಲ್ಲಿ ಪಟ್ಟಿಗೆ ಸೇರುತ್ತವೆ. ಆಮೇಲೆ ಯಾವ ಸಾಫ್ಟ್‌ವೇರೂ ಇದನ್ನು ಬೇರ್ಪಡಿಸಲಾರದು. ನಾಲ್ಕೂ ಗುಂಪನ್ನು ಒಂದೇ ಹೊತ್ತಿನಲ್ಲಿ, ಒಂದಾದ ಮೇಲೊಂದರಂತೆ ಬದಲಿಸುತ್ತ ಕೀಳಿ. ಆರ್‌ಎನ್‌ಎ ತೆಗೆಯಲು ಎರಡು ದಿನ ಬೇಕಾದರೆ ಪ್ರತಿ ದಿನವೂ ನಾಲ್ಕು ಗುಂಪಿನವೂ ಇರಲಿ. ಉಪ್ಪಿನ ಪ್ರಮಾಣ ಬರೆದಿಡಿ: 100 ಮಿಲಿಮೋಲಾರ್ ಎಂದರೆ ಲೀಟರಿಗೆ 5.84 ಗ್ರಾಂ ಸೋಡಿಯಂ ಕ್ಲೋರೈಡ್.

ಡೇಟಾ ಬಂದ ಕೂಡಲೇ ಕಂಪನಿ ಕೊಟ್ಟ ಎಂಡಿ5 ಸಂಖ್ಯೆಯನ್ನು (ಫೈಲಿನ ಬೆರಳಚ್ಚಿನಂಥದು) ನಿಮ್ಮ ಫೈಲಿನದರ ಜೊತೆ ಹೋಲಿಸಿ. ಮಾದರಿಗೆ 3-4 ಜಿಬಿ ತೂಗುವ ಫೈಲು ಘಟ್ಟದ ಮೇಲಿನ ನೆಟ್‌ನಲ್ಲಿ ಅರ್ಧಕ್ಕೆ ನಿಲ್ಲುವುದು ಸಾಮಾನ್ಯ. ಹೆಸರು ಸರಿಯಾಗಿಯೇ ಇರುತ್ತದೆ, ಬಾಲ ಮಾತ್ರ ತುಂಡಾಗಿರುತ್ತದೆ. ನಂತರ ರೀಡ್‌ಗಳ ಗುಣಮಟ್ಟ ನೋಡುವ ಫಾಸ್ಟ್‌ಕ್ಯೂಸಿ. ಅದರ ವರದಿಯಲ್ಲಿ ಮೊದಲ 10-12 ಅಕ್ಷರಗಳ ಅನುಪಾತಕ್ಕೆ ಕೆಂಪು ಗುರುತು ಬಂದರೆ ಗಾಬರಿ ಬೇಡ, ಕತ್ತರಿಸಲೂ ಬೇಡ. ಆರ್‌ಎನ್‌ಎಯಿಂದ ಡಿಎನ್‌ಎ ಮಾಡುವಾಗ ಬಳಸುವ ಪ್ರೈಮರ್‌ಗಳು ಎಲ್ಲ ಕಡೆ ಸಮನಾಗಿ ಅಂಟುವುದಿಲ್ಲವಾದ್ದರಿಂದ ಅದು ಬಂದೇ ಬರುತ್ತದೆ. ಓದಿಸಲೆಂದು ತುದಿಗೆ ಅಂಟಿಸಿದ ಅಡಾಪ್ಟರ್ ತುಂಡು ಉಳಿದಿದ್ದರೆ, ಅಥವಾ ತುದಿಯಲ್ಲಿ ಜಿ ಅಕ್ಷರದ ಸಾಲೇ ಇದ್ದರೆ ಫಾಸ್ಟ್‌ಪಿ ಬಳಸಿ ತೆಗೆಯಿರಿ. ನೋವಾಸೀಕ್‌ನಂಥ ಎರಡು ಬಣ್ಣದ ಯಂತ್ರಗಳಲ್ಲಿ ಬೆಳಕೇ ಇಲ್ಲದ್ದನ್ನು ಜಿ ಎಂದು ಓದುತ್ತಾರೆ. ಆ ಸಾಲು ಅಲ್ಲಿಂದ ಬಂದದ್ದು.

ಇಲ್ಲಿಂದ ಮುಂದೆ ನಿಮಗೆ ಎರಡು ದಾರಿ. ವಿಂಡೋಸ್‌ನಲ್ಲೇ ಡಬ್ಲ್ಯುಎಸ್‌ಎಲ್ (ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಸೌಲಭ್ಯ) ಮೂಲಕ ಉಬುಂಟು ಹಾಕಿಕೊಂಡು ಸಾಮನ್ ಓಡಿಸುವುದು ಒಂದು. ಇದು ರೀಡ್‌ಗಳನ್ನು ಇಡೀ ಜೀನೋಮಿಗೆ ಹೊಂದಿಸದೆ, ಗೊತ್ತಿರುವ ಟ್ರಾನ್ಸ್‌ಕ್ರಿಪ್ಟ್‌ಗಳಿಗೆ (ಜೀನಿನಿಂದ ಬರುವ ಆರ್‌ಎನ್‌ಎ ಪ್ರತಿಗಳಿಗೆ) ಹಂಚಿ ಎಣಿಸುತ್ತದೆ. ಭತ್ತಕ್ಕೆ 8 ಜಿಬಿ ಸಾಕು. ಗ್ಯಾಲಕ್ಸಿ ಎಂಬ ಉಚಿತ ಜಾಲಸೇವೆ ಇನ್ನೊಂದು. ಅಲ್ಲಿ ಬ್ರೌಸರಿನಲ್ಲೇ ಗುಂಡಿ ಒತ್ತುತ್ತ ಹೈಸ್ಯಾಟ್2ರಿಂದ ಹೊಂದಿಸಿ, ಫೀಚರ್‌ಕೌಂಟ್ಸ್‌ನಿಂದ ಎಣಿಸಿ, ಗುಂಪುಗಳ ಎಣಿಕೆ ಹೋಲಿಸುವ ಡಿಇಸೀಕ್2ರವರೆಗೂ ಹೋಗಬಹುದು. ಖಾತೆ ತೆರೆದವರಿಗೆ 250 ಜಿಬಿ ಜಾಗ ಕೊಡುತ್ತಾರೆ. ಅಳಿಸಿದ ಫೈಲನ್ನು ಶಾಶ್ವತವಾಗಿ ತೆಗೆದುಹಾಕದಿದ್ದರೆ ಜಾಗ ಬಿಡುವಾಗುವುದಿಲ್ಲ. ನಿಮ್ಮಲ್ಲಿ ನೆಟ್ ನಿಧಾನವಿದ್ದರೆ ನನ್ನ ಮತ ಸಾಮನ್‌ಗೆ. 40-50 ಜಿಬಿ ಮೇಲೇರಿಸುವ ತಾಪತ್ರಯ ತಪ್ಪುತ್ತದೆ.

ಫೀಚರ್‌ಕೌಂಟ್ಸ್ ದಾರಿ ಹಿಡಿದರೆ ಮೂರು ಕಡೆ ಎಡವುತ್ತಾರೆ. ಮೊದಲನೆಯದು ಸ್ಟ್ರ್ಯಾಂಡ್ ಆಯ್ಕೆ, ಅಂದರೆ ರೀಡ್ ಡಿಎನ್‌ಎಯ ಯಾವ ಎಳೆಯದು ಎಂಬುದು: 0, 1, 2 ಎಂದು ಮೂರಿವೆ. ಎಳೆಯ ಗುರುತು ಉಳಿಸುವ ಈಗಿನ ಬಹುಪಾಲು ಡಿಯುಟಿಪಿ ಕಿಟ್‌ಗಳಿಗೆ 2 ಸರಿ. ಅಲ್ಲಿ 1 ಕೊಟ್ಟರೆ ಜೀನಿಗೆ ಸೇರಬೇಕಾದ ರೀಡ್‌ಗಳು ಹತ್ತಿರ ಹತ್ತಿರ ಎಲ್ಲವೂ ಹೊರಗೆ ಬೀಳುತ್ತವೆ. ಕಿಟ್ಟಿನ ಹೆಸರು ಗೊತ್ತಿಲ್ಲದಿದ್ದರೆ ಒಂದು ಮಾದರಿಯನ್ನು ಮೂರೂ ಬಗೆಯಲ್ಲಿ ಎಣಿಸಿ ನೋಡಿ. 1 ಮತ್ತು 2 ಸಮ ಬಂದರೆ ಕಿಟ್ ಸ್ಟ್ರ್ಯಾಂಡ್ ಇಲ್ಲದ್ದು, ಒಂದು ಸೊನ್ನೆಗೆ ಇಳಿದರೆ ಇನ್ನೊಂದೇ ನಿಮ್ಮದು. ಸಾಮನ್ ಇದನ್ನು ತಾನೇ ಪತ್ತೆ ಮಾಡುತ್ತದೆ. ಎರಡನೆಯದು ಜೋಡಿ ಎಣಿಕೆ: 2.0.2 ಆವೃತ್ತಿಯಿಂದೀಚೆಗೆ ಫೈಲು ಜೋಡಿಯದು ಎಂದಷ್ಟೇ ಹೇಳಿದರೆ ಸಾಲದು, ಜೋಡಿಯನ್ನು ಒಂದಾಗಿ ಎಣಿಸು ಎಂದು ಬೇರೆಯಾಗಿ ಹೇಳಬೇಕು. ಇಲ್ಲದಿದ್ದರೆ ಎಲ್ಲ ಸಂಖ್ಯೆಯೂ ದುಪ್ಪಟ್ಟಾಗಿ, ಇರದ ನಿಖರತೆ ಇದ್ದಂತೆ ತೋರುತ್ತದೆ. ಮೂರನೆಯದು ಕ್ರೋಮೋಸೋಮಿನ ಹೆಸರು: ಒಂದು ಭಂಡಾರದಲ್ಲಿ ಬರೀ 1, ಇನ್ನೊಂದರಲ್ಲಿ ಕ್ರೋ01. ಜೀನೋಮ್ ಒಂದು ಕಡೆಯಿಂದ, ಜೀನ್ ಪಟ್ಟಿ ಇನ್ನೊಂದು ಕಡೆಯಿಂದ ತಂದರೆ ಎಣಿಕೆ ಪೂರ್ತಿ ಸೊನ್ನೆ.

ಭತ್ತದ್ದೇ ಆದ ತೊಡಕೂ ಇದೆ. ಒಂದೇ ಜೀನಿಗೆ ಎರಡು ಸಂಸ್ಥೆಗಳ ಎರಡು ಹೆಸರು: ರ‍್ಯಾಪ್ ಪದ್ಧತಿಯಲ್ಲಿ ‘ಓಎಸ್01ಜಿ’ ಎಂದು ಶುರುವಾದರೆ, ಎಂಎಸ್‌ಯು ಪದ್ಧತಿಯಲ್ಲಿ ಅದಕ್ಕೂ ಮೊದಲು ‘ಎಲ್‌ಒಸಿ’ ಇರುತ್ತದೆ, ಮುಂದಿನ ಅಂಕಿಗಳೂ ಬೇರೆ. ಕೆಲಸದ ಮಧ್ಯೆ ಒಂದರಿಂದ ಇನ್ನೊಂದಕ್ಕೆ ಹಾರಬೇಡಿ. ಹೋಲಿಸಲೇಬೇಕಾದರೆ ರ‍್ಯಾಪ್-ಡಿಬಿಯ ಪರಿವರ್ತನಾ ಪಟ್ಟಿ ಬಳಸಿ. ರ‍್ಯಾಪ್‌ನಲ್ಲಿ ಜೀನಿಗೆ ‘ಜಿ’, ಟ್ರಾನ್ಸ್‌ಕ್ರಿಪ್ಟಿಗೆ ‘ಟಿ’ ಅಕ್ಷರ ಮಧ್ಯದಲ್ಲಿದ್ದು, ಟ್ರಾನ್ಸ್‌ಕ್ರಿಪ್ಟಿನ ಕೊನೆಗೆ ಒಂದು ಗೆರೆ ಮತ್ತು ಎರಡಂಕಿ ಬರುತ್ತದೆ. ಸಾಮನ್ ಫಲಿತಾಂಶವನ್ನು ಟಿಎಕ್ಸ್‌ಇಂಪೋರ್ಟ್‌ನಿಂದ ಆರ್ ಎಂಬ ಲೆಕ್ಕದ ಸಾಫ್ಟ್‌ವೇರ್‌ಗೆ ತರುವಾಗ ಈ ಎರಡರ ಜೋಡಣೆ ಪಟ್ಟಿ ಕೇಳುತ್ತದೆ. ಅಲ್ಲಿ ಅಕ್ಷರ ತಪ್ಪಿದರೆ ಒಂದೂ ಹೊಂದಲಿಲ್ಲ ಎಂದು ನಿಂತುಬಿಡುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಆಧಾರ ಜೀನೋಮ್. ಎಲ್ಲರೂ ಬಳಸುವುದು ಜಪಾನಿನ ನಿಪ್ಪೊನ್‌ಬಾರೆ ತಳಿಯದ್ದು. ನೆರೆ ನೀರಿನಲ್ಲಿ ಮುಳುಗಿದರೂ ಬದುಕಲು ನೆರವಾಗುವ ಸಬ್1ಎ ಜೀನ್ ಆ ತಳಿಯಲ್ಲಿ ಇಲ್ಲವೇ ಇಲ್ಲ. 2006ರಲ್ಲಿ ಅದನ್ನು ಗುರುತಿಸಿದ್ದು ಒಡಿಶಾದ ಎಫ್‌ಆರ್13ಎ ತಳಿಯಿಂದ. ಕಗ್ಗ ಉಪ್ಪಿನ ಜೊತೆ ನೆರೆಯನ್ನೂ ತಡೆಯುವ ಭತ್ತ. ನಿಮ್ಮ ಮುಂದಿನ ಪ್ರಯೋಗ ಮುಳುಗಡೆಯದ್ದಾದರೆ, ಕಗ್ಗದಲ್ಲಿ ಆ ಜೀನ್ ಇದ್ದರೂ ಅದರ ರೀಡ್‌ಗಳು ಪಕ್ಕದ ಸೋದರ ಜೀನ್‌ಗಳಾದ ಸಬ್1ಬಿ, ಸಬ್1ಸಿ ಮೇಲೆ ಹೋಗಿ ಕೂರುತ್ತವೆ. ಆಗ ಸಬ್1ಎಯ ಒಂದು ರೂಪವಿರುವ ಐಆರ್64ರಂಥ ಇಂಡಿಕಾ ಜೀನೋಮನ್ನೂ ಇಟ್ಟುಕೊಂಡು ಹೋಲಿಸಿ. ಉಪ್ಪಿನ ವಿಷಯಕ್ಕೆ ನಿಪ್ಪೊನ್‌ಬಾರೆಯಿಂದ ಶುರುಮಾಡಬಹುದು. ಬೇರಿನಿಂದ ಮೇಲೇರುವ ರಸದಲ್ಲಿನ ಸೋಡಿಯಮ್ಮನ್ನು ಹಿಂದಕ್ಕೆ ಎಳೆದುಕೊಳ್ಳುವ ಎಚ್‌ಕೆಟಿ1;5 ಅದರಲ್ಲಿ 1ನೇ ಕ್ರೋಮೋಸೋಮಿನ ಮೇಲಿದೆ. ಜೀನೋಮಿಗೆ ಹೊಂದಿಸಿದ ಫೈಲಿದ್ದರೆ ಐಜಿವಿಯಲ್ಲಿ (ಜೀನೋಮಿನ ಮೇಲೆ ರೀಡ್‌ಗಳನ್ನು ತೋರಿಸುವ ಸಾಫ್ಟ್‌ವೇರ್) ತೆರೆದು ಆ ಜಾಗ ನೋಡಿ. ಒಂದು ಜೀನನ್ನಾದರೂ ಕಣ್ಣಾರೆ ಕಾಣದೆ ಪಟ್ಟಿ ನಂಬಬೇಡಿ.

ಕೊನೆಯ ಲೆಕ್ಕದಲ್ಲಿ ತಳಿ, ಉಪಚಾರ (ಸಾದಾ ನೀರೋ ಉಪ್ಪುನೀರೋ), ಮತ್ತು ಇವೆರಡರ ಪರಸ್ಪರ ಪ್ರಭಾವ ಮೂರನ್ನೂ ಡಿಇಸೀಕ್2ರ ಸೂತ್ರದಲ್ಲಿ ಇಡಿ. ಕಗ್ಗದಲ್ಲಿ ಏರಿದ ಪಟ್ಟಿ, ಐಆರ್29ರಲ್ಲಿ ಏರಿದ ಪಟ್ಟಿ ಬೇರೆ ಬೇರೆ ಮಾಡಿ, ಎರಡು ವೃತ್ತ ಬರೆದು, ಒಂದರಲ್ಲಿ ಮಾತ್ರ ಇರುವುದು ಕಗ್ಗದ ವಿಶೇಷ ಎನ್ನುವವರಿದ್ದಾರೆ. ಅದು ತಪ್ಪು. ಒಂದರಲ್ಲಿ ಪಿ ಮೌಲ್ಯ (ಬರೀ ಆಕಸ್ಮಿಕದಿಂದ ಇಷ್ಟು ವ್ಯತ್ಯಾಸ ಕಾಣುವ ಸಂಭವ) 0.04, ಇನ್ನೊಂದರಲ್ಲಿ 0.06 ಬಂದರೆ ಎರಡೂ ತಳಿ ಬೇರೆಯಾಗಿ ವರ್ತಿಸಿದವು ಎಂದಾಗುವುದಿಲ್ಲ. ಬೇರೆಯೇ ಎಂಬುದನ್ನು ನೇರವಾಗಿ ಪರೀಕ್ಷಿಸುವುದು ಪರಸ್ಪರ ಪ್ರಭಾವದ ಅಂಶ ಮಾತ್ರ.

ಪ್ರಶ್ನೆ: ಡಿಇಸೀಕ್2ಕ್ಕೆ ಟಿಪಿಎಂ ಕೋಷ್ಟಕ ಕೊಟ್ಟರೆ ಪೂರ್ಣಾಂಕ ಅಲ್ಲ ಎಂದು ನಿಲ್ಲುತ್ತದೆ. ಪೂರ್ಣಾಂಕ ಮಾಡಿ ಕೊಟ್ಟೆ, ಓಡಿತು. ಆದರೆ ಏರಬೇಕಾದ ಜೀನ್‌ಗಳೆಲ್ಲ ಇಳಿದಂತೆ ಬಂದಿವೆ.
— ಎಂ.ಎಸ್‌ಸಿ. ವಿದ್ಯಾರ್ಥಿ, ಕುಮಟಾ

ಉತ್ತರ: ತಪ್ಪು ಎರಡು ಇವೆ. ಟಿಪಿಎಂ ಎಂದರೆ ಜೀನಿನ ಉದ್ದ ಮತ್ತು ಒಟ್ಟು ರೀಡ್‌ಗಳಿಂದ ಭಾಗಿಸಿದ ಪಾಲು. 10 ರೀಡ್ ಕಂಡ ಜೀನಿಗೂ 10,000 ರೀಡ್ ಕಂಡ ಜೀನಿಗೂ ಇರುವ ಭರವಸೆಯ ವ್ಯತ್ಯಾಸ ಆ ಭಾಗಾಕಾರದಲ್ಲಿ ಅಳಿಸಿಹೋಗಿರುತ್ತದೆ. ಡಿಇಸೀಕ್2 ತನ್ನ ಅಂದಾಜು ಕಟ್ಟುವುದೇ ಆ ವ್ಯತ್ಯಾಸದ ಮೇಲೆ. ಅದಕ್ಕೆ ಕಚ್ಚಾ ಎಣಿಕೆಯೇ ಬೇಕು. ದೋಷ ಸಂದೇಶವನ್ನು ಪೂರ್ಣಾಂಕದಿಂದ ಬಾಯಿ ಮುಚ್ಚಿಸಿದಿರಿ, ದೋಷ ಒಳಗೇ ಉಳಿಯಿತು. ಆ ಫಲಿತಾಂಶ ಪೂರ್ತಿ ಬಿಟ್ಟುಬಿಡಿ.

ಚಿಹ್ನೆ ತಿರುಗಿದ್ದಕ್ಕೆ ಕಾರಣ ಅಕ್ಷರಮಾಲೆ. ಆರ್‌ನಲ್ಲಿ ಗುಂಪಿನ ಹೆಸರುಗಳಲ್ಲಿ ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಮೊದಲು ಬರುವುದೇ ಹೋಲಿಕೆಯ ಆಧಾರ. ‘ಸಾಲ್ಟ್’ ಮತ್ತು ‘ಅನ್‌ಟ್ರೀಟೆಡ್’ ಎಂದು ಇಟ್ಟರೆ ಎಸ್ ಮೊದಲು, ಯು ಆಮೇಲೆ. ಉಪ್ಪಿನ ಗುಂಪೇ ಆಧಾರವಾಗಿ, ಲಾಗ್2 ಬದಲಾವಣೆ 2 ಎಂದರೆ ಉಪ್ಪಿಲ್ಲದ ಕಡೆ ನಾಲ್ಕು ಪಟ್ಟು ಎಂಬ ಅರ್ಥ ಬರುತ್ತದೆ. ರೀಲೆವೆಲ್ ಆಜ್ಞೆಯಿಂದ ಆಧಾರವನ್ನು ನೀವೇ ಹೇಳಿ, ಲೆಕ್ಕಕ್ಕೆ ಮೊದಲೇ.

ಇದೂ ಸರಿಯಿದ್ದು ಫಲಿತಾಂಶ ಗೋಜಲಾಗಿದ್ದರೆ ಮಾದರಿಗಳ ಕ್ರಮ ನೋಡಿ. ಎಸ್1ರ ನಂತರ ಕಂಪ್ಯೂಟರ್ ಜೋಡಿಸುವುದು ಎಸ್10, ಎಸ್11, ಎಸ್12, ಆಮೇಲೆ ಎಸ್2. ಎಣಿಕೆಯ ಕೋಷ್ಟಕ ಆ ಕ್ರಮದಲ್ಲಿ, ನೀವು ಕೈಯಿಂದ ಬರೆದ ವಿವರಪಟ್ಟಿ 1, 2, 3 ಕ್ರಮದಲ್ಲಿ. ವಿವರಪಟ್ಟಿಯ ಸಾಲುಗಳಿಗೆ ಹೆಸರು ಕೊಟ್ಟಿದ್ದರೆ ಡಿಇಸೀಕ್2 ತಡೆದು ಹೇಳುತ್ತದೆ. ಹೆಸರೇ ಇಲ್ಲದಿದ್ದರೆ ಸುಮ್ಮನೆ ತಪ್ಪು ಜೋಡಿಯಲ್ಲೇ ಲೆಕ್ಕ ಮುಗಿಸುತ್ತದೆ. ಮೊದಲಿನಿಂದಲೇ ಎಸ್01 ಎಂದು ಬರೆಯಿರಿ.

ಪ್ರಶ್ನೆ: ಪಿ ಮೌಲ್ಯ 0.05ಕ್ಕಿಂತ ಕಡಿಮೆ ಇರುವ ಜೀನ್‌ಗಳು ಎರಡು ಸಾವಿರ ದಾಟುತ್ತವೆ. ಸರಿಪಡಿಸಿದ ಪಿ ನೋಡಿದರೆ ನೂರ ಚಿಲ್ಲರೆ. ಕೆಲವಕ್ಕೆ ಮೌಲ್ಯವೇ ಇಲ್ಲ. ಯಾವುದನ್ನು ಬರೆಯಲಿ?
— ಯಲ್ಲಾಪುರ

ಉತ್ತರ: ನೂರ ಚಿಲ್ಲರೆಯನ್ನು. 37 ಸಾವಿರ ಜೀನ್ ಪರೀಕ್ಷಿಸಿದರೆ, ಒಂದೂ ಬದಲಾಗದಿದ್ದರೂ 0.05ರ ಗೆರೆಯ ಕೆಳಗೆ ಆಕಸ್ಮಿಕವಾಗಿಯೇ 1,850 ಬೀಳುತ್ತವೆ. ಸರಿಪಡಿಸಿದ ಮೌಲ್ಯ 1995ರ ಬೆಂಜಮಿನಿ-ಹಾಕ್‌ಬರ್ಗ್ ವಿಧಾನದ್ದು. 0.05 ಎಂದರೆ ನಿಮ್ಮ ಪಟ್ಟಿಯಲ್ಲಿ ಸುಮಾರು ಶೇ 5 ಸುಳ್ಳಿರಬಹುದು ಎಂದು. ಮೌಲ್ಯ ಇಲ್ಲದಿರುವುದು ದೋಷವಲ್ಲ. ಎಲ್ಲ ಮಾದರಿಯಲ್ಲೂ ಸೊನ್ನೆ ಇದ್ದರೆ, ಒಂದೇ ಮಾದರಿ ವಿಪರೀತ ಎದ್ದು ನಿಂತಿದ್ದರೆ, ಅಥವಾ ಸರಾಸರಿ ಎಣಿಕೆ ತೀರಾ ಕಡಿಮೆಯಿದ್ದರೆ ಡಿಇಸೀಕ್2 ತಾನೇ ಬಿಟ್ಟುಬಿಡುತ್ತದೆ. ಅಲ್ಲಿ ಸೊನ್ನೆಯನ್ನೋ ಒಂದನ್ನೋ ತುಂಬಬೇಡಿ.

ಪ್ರಶ್ನೆ: ಅಡಿಕೆಯ ಜೀನೋಮ್ ಓದಿದ್ದಾರಂತೆ. ಕೊಳೆರೋಗಕ್ಕೆ ಈ ಜೀನ್ ಪರೀಕ್ಷೆಯಿಂದ ಹೊಸ ಔಷಧ ಬರುತ್ತದೆಯೇ? ನಮ್ಮ ತೋಟದ ಕಾಯಿ ಕಳಿಸಿದರೆ ನೋಡುತ್ತಾರೆಯೇ?
— ಅಡಿಕೆ ಬೆಳೆಗಾರರು, ಸಿದ್ದಾಪುರ

ಉತ್ತರ: ನಮಸ್ಕಾರ. ಈ ಮಳೆಗಾಲಕ್ಕಂತೂ ಇಲ್ಲ. ಕೊಳೆ ತರುವುದು ಫೈಟಾಫ್ತೊರ ಎಂಬ, ಶಿಲೀಂಧ್ರದಂತೆ ಕಾಣುವ ಆದರೆ ಬೇರೆ ಕುಲದ ಜೀವಿ. ಕೊಳೆತ ಕಾಯಿಯ ಆರ್‌ಎನ್‌ಎ ಓದಿಸಿದರೆ ಅಡಿಕೆಯದೂ ರೋಗಾಣುವಿನದೂ ಬೆರೆತು ಬರುತ್ತವೆ. ಎರಡನ್ನೂ ಅವುಗಳ ಜೀನೋಮಿಗೆ ಹೊಂದಿಸಿ ಬೇರ್ಪಡಿಸಿದರೆ, ಸೋಂಕಿನ ಯಾವ ತಾಸಿನಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ತಿಳಿಯುತ್ತದೆ. ತಡೆದುಕೊಳ್ಳುವ ತಳಿ ಹುಡುಕುವವರಿಗೆ ಇದು ದಾರಿದೀಪ. ಆದರೆ ಒಂದು ಕೊಳೆತ ಕಾಯಿ ಕಳಿಸಿದರೆ ಹೋಲಿಸಲು ಜೊತೆಯಿಲ್ಲ, ಉಪಯೋಗವಿಲ್ಲ. ಈಗ ನಿಮ್ಮ ಕೈಯಲ್ಲಿರುವುದು ಶೇ 1ರ ಬೋರ್ಡೋ ದ್ರಾವಣವೇ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಮ್ಮೆ, 40-45 ದಿನಕ್ಕೆ ಇನ್ನೊಮ್ಮೆ. ಉಜ್ಜಿದ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ತಾಮ್ರದ ಬಣ್ಣ ಹಿಡಿದರೆ ಹುಳಿ ಉಳಿದಿದೆ ಎಂದರ್ಥ, ಸುಣ್ಣದ ತಿಳಿ ಇನ್ನಷ್ಟು ಸೇರಿಸಿ. ಗೊನೆಗೆ ಹೊದಿಕೆಯ ಕೊಟ್ಟೆ ಕಟ್ಟುವುದಿದ್ದರೆ ರೋಗ ಕಾಣುವ ಮುಂಚೆಯೇ ಕಟ್ಟಿಸಿ.

ಪ್ರಶ್ನೆ: ಅಘನಾಶಿನಿ ಅಳಿವೆಯ ಚಿಪ್ಪುಜೀವಿ ಬಳಚು ಮಳೆಗಾಲದ ಸಿಹಿನೀರನ್ನು ಹೇಗೆ ತಾಳುತ್ತದೆ ಎಂದು ನೋಡಬೇಕು. ಆ ಜಾತಿಯ ಜೀನೋಮ್ ನಮ್ಮಲ್ಲಿಲ್ಲ. ಮಾಡಲಾಗುತ್ತದೆಯೇ?
— ಕಡಲಜೀವಿ ವಿಜ್ಞಾನದ ವಿದ್ಯಾರ್ಥಿ, ಕಾರವಾರ

ಉತ್ತರ: ಆಗುತ್ತದೆ, ಆದರೆ ಲ್ಯಾಪ್‌ಟಾಪಿನಲ್ಲಲ್ಲ. ರೀಡ್‌ಗಳನ್ನೇ ಒಂದಕ್ಕೊಂದು ಹೊಲಿದು ಟ್ರಾನ್ಸ್‌ಕ್ರಿಪ್ಟ್ ಕಟ್ಟುವ ಟ್ರಿನಿಟಿಗೆ 10 ಲಕ್ಷ ಜೋಡಿ ರೀಡ್‌ಗೆ ಸುಮಾರು 1 ಜಿಬಿ ರ‍್ಯಾಮ್ ಎಂಬ ಲೆಕ್ಕವಿದೆ. ಆರು ಮಾದರಿ, ತಲಾ 2 ಕೋಟಿ ಎಂದರೆ 120 ಜಿಬಿ. ಗ್ಯಾಲಕ್ಸಿಯಲ್ಲಿ ಓಡಿಸಿ.

ಕಷ್ಟ ಬರುವುದು ಬಳಚಿನ ಹೊಟ್ಟೆಯಿಂದ. ನೀರು ಸೋಸಿ ತಿನ್ನುವ ಪ್ರಾಣಿಯ ಇಡೀ ಮಾಂಸ ಅರೆದರೆ ಪಾಚಿ, ಬ್ಯಾಕ್ಟೀರಿಯಾಗಳ ಜೀನ್‌ಗಳೂ ಜೊತೆಗೆ ಬರುತ್ತವೆ. ಸೋಸಿದ ನೀರಿನಲ್ಲಿ ಒಂದು ದಿನ ಇಟ್ಟು ಹೊಟ್ಟೆ ಖಾಲಿ ಮಾಡಿಸಿದರೆ ಅಷ್ಟರಲ್ಲಿ ನೀವು ಅಳೆಯಬೇಕಾದ ಉಪ್ಪಿನ ಪ್ರತಿಕ್ರಿಯೆಯೇ ಬದಲಾಗಿಬಿಡುತ್ತದೆ. ಆದ್ದರಿಂದ ಅಳಿವೆಯ ದಂಡೆಯಲ್ಲೇ ತೆರೆದು, ಕಿವಿರು ಮಾತ್ರ ಕತ್ತರಿಸಿ, ಅರ್ಧ ಸೆಂಟಿಮೀಟರಿಗಿಂತ ದಪ್ಪ ಇಲ್ಲದಂತೆ, ಅದರ ಹತ್ತು ಪಟ್ಟು ಆರ್‌ಎನ್‌ಎಲೇಟರ್‌ನಲ್ಲಿ (ಆರ್‌ಎನ್‌ಎ ಕೆಡದಂತೆ ಕಾಯುವ ದ್ರಾವಣ) ಮುಳುಗಿಸಿ. ಒಂದು ರಾತ್ರಿ 4 ಡಿಗ್ರಿಯಲ್ಲಿಟ್ಟು ಆಮೇಲೆ ಮೈನಸ್ 20ಕ್ಕೆ ಹಾಕಿ. ಸೀದಾ ಫ್ರೀಜರಿಗೆ ಹಾಕಿದರೆ ದ್ರಾವಣ ಒಳಗಿಳಿಯುವುದಿಲ್ಲ. ಪ್ರತಿ ಸಲ ನೀರಿನ ಉಪ್ಪಿನಂಶ, ಉಷ್ಣಾಂಶ, ಭರತವೋ ಇಳಿತವೋ ಎಂಬುದನ್ನು ಬರೆಯಿರಿ.

ಕಟ್ಟಿದ ಮೇಲೆ ಬಸ್ಕೊ ಓಡಿಸಿ. ಪ್ರಾಣಿಗಳಲ್ಲಿ ಇರಲೇಬೇಕಾದ ಜೀನ್‌ಗಳ ಪಟ್ಟಿಯಲ್ಲಿ ಎಷ್ಟು ಪೂರ್ತಿಯಾಗಿ ಸಿಕ್ಕವು ಎಂದು ಅದು ಹೇಳುತ್ತದೆ. ಟ್ರಿನಿಟಿ ಲಕ್ಷ ದಾಟಿ ‘ಜೀನ್’ ತೋರಿಸಿದರೆ ಹಿಗ್ಗಬೇಡಿ. ಬಹಳಷ್ಟು ಒಂದೇ ಜೀನಿನ ತುಂಡುಗಳು. ಸಾಮನ್‌ನಿಂದ ಎಣಿಸಿ, ಟ್ರಿನಿಟಿಯೇ ಕೊಡುವ ಜೀನ್-ಟ್ರಾನ್ಸ್‌ಕ್ರಿಪ್ಟ್ ಪಟ್ಟಿಯಿಂದ ಕೂಡಿಸಿ, ಎಗ್‌ನಾಗ್-ಮ್ಯಾಪರ್‌ನಿಂದ ಹೆಸರು ಹುಡುಕಿ. ಹೆಸರು ಪಾಚಿಯದ್ದೋ ಬ್ಯಾಕ್ಟೀರಿಯಾದ್ದೋ ಬಂದ ಸಾಲುಗಳನ್ನು ಡಿಇಸೀಕ್2ಕ್ಕೆ ಹೋಗುವ ಮೊದಲೇ ತೆಗೆಯಿರಿ. ಮಳೆಗಾಲದಲ್ಲಿ ಪಾಚಿಯೂ ಬದಲಾಗುತ್ತದೆ, ಅದನ್ನು ಬಳಚಿನ ಬದಲಾವಣೆ ಎಂದುಕೊಳ್ಳುವ ಅಪಾಯವಿದೆ.

ಪ್ರಶ್ನೆ: ಹೀಟ್‌ಮ್ಯಾಪ್ (ಸಂಖ್ಯೆಗೆ ಬಣ್ಣ ಕೊಟ್ಟ ಕೋಷ್ಟಕ) ಹಾಕಿದರೆ ಒಂದೆರಡು ಸಾಲು ಮಾತ್ರ ಕೆಂಪು, ಉಳಿದದ್ದೆಲ್ಲ ನೀಲಿ. ಯಾವ ಸಾಫ್ಟ್‌ವೇರ್‌ನಲ್ಲಿ ಚೆನ್ನಾಗಿ ಬರುತ್ತದೆ?
— ಹೊನ್ನಾವರ

ಉತ್ತರ: ಸಾಫ್ಟ್‌ವೇರ್ ಬದಲಿಸಿದರೆ ಹೋಗುವ ದೋಷವಲ್ಲ. ಕಚ್ಚಾ ಎಣಿಕೆಗೆ ನೇರವಾಗಿ ಬಣ್ಣ ಹಚ್ಚಿದ್ದೀರಿ. ಒಂದು ಜೀನಿಗೆ 2 ಲಕ್ಷ, ಇನ್ನೊಂದಕ್ಕೆ 50 ಇದ್ದರೆ ಬಣ್ಣದ ಪಟ್ಟಿಯನ್ನೆಲ್ಲ ಮೊದಲನೆಯದೇ ನುಂಗುತ್ತದೆ. ದೊಡ್ಡ-ಸಣ್ಣ ಎಣಿಕೆಗಳನ್ನು ಹೋಲಿಸಬಲ್ಲ ಅಳತೆಗೆ ತರುವ ಡಿಇಸೀಕ್2ರ ವಿಎಸ್‌ಟಿ ರೂಪಾಂತರ ಮಾಡಿ, ಆಮೇಲೆ ಪಿಹೀಟ್‌ಮ್ಯಾಪ್‌ನಲ್ಲಿ ಸಾಲಿನ ಪ್ರಕಾರ ಸ್ಕೇಲ್ ಮಾಡಿ. ಆರ್ ಬೇಡವೆಂದರೆ ಅದೇ ಕೋಷ್ಟಕವನ್ನು ಬ್ರೌಸರಿನಲ್ಲಿ ಓಡುವ ಮಾರ್ಫಿಯಸ್‌ಗೆ ಕೊಡಿ. ಸ್ಕೇಲ್ ಮಾಡಿದ ಮೇಲೆ ಕೆಂಪು ಎಂದರೆ ‘ಆ ಜೀನಿನ ಸರಾಸರಿಗಿಂತ ಹೆಚ್ಚು’ ಅಷ್ಟೇ. ಹತ್ತರಷ್ಟು ಏರಿದ್ದೂ, ಒಂದೂಕಾಲು ಪಟ್ಟು ಏರಿದ್ದೂ ಒಂದೇ ಕೆಂಪಾಗಿ ಕಾಣಬಹುದು. ಇದನ್ನು ಚಿತ್ರದ ಅಡಿಬರಹದಲ್ಲಿ ಬರೆಯಲೇಬೇಕು. ಕೆಂಪು-ಹಸಿರು ಜೋಡಿ ಬಿಟ್ಟು ಕೆಂಪು-ನೀಲಿ ಹಾಕಿ, ಬಣ್ಣಗುರುಡು ಇರುವವರೂ ಓದಬೇಕಲ್ಲ.

ಇನ್ನೊಂದು ಮಾತು. ಬದಲಾದ ಜೀನ್‌ಗಳನ್ನೇ ಆರಿಸಿ, ಅವುಗಳಿಂದಲೇ ಮಾದರಿಗಳನ್ನು ಗುಂಪು ಮಾಡಿಸಿ, ‘ನೋಡಿ, ಎರಡು ಗುಂಪು ಸ್ಪಷ್ಟವಾಗಿ ಬೇರ್ಪಟ್ಟವು’ ಎಂದು ಬರೆಯಬೇಡಿ. ಬೇರ್ಪಡುವವನ್ನೇ ಆರಿಸಿದ್ದೀರಿ, ಬೇರ್ಪಡದೆ ಇನ್ನೇನು? ಮಾದರಿಗಳು ನಿಜವಾಗಿ ಬೇರೆಯೇ ಎಂದು ನೋಡಲು, ಜೀನ್ ಆರಿಸುವಾಗ ಗುಂಪಿನ ಹೆಸರನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದ ಪಿಸಿಎ ಚಿತ್ರ (ಒಂದು ಮಾದರಿಗೆ ಒಂದು ಚುಕ್ಕೆ, ಹೋಲುವವು ಹತ್ತಿರ) ಮೊದಲು ಹಾಕಿ. ಅದರಲ್ಲಿ ಉಪಚಾರದ ಬದಲು ಆರ್‌ಎನ್‌ಎ ತೆಗೆದ ದಿನದ ಪ್ರಕಾರ ಚುಕ್ಕೆಗಳು ಗುಂಪುಗೂಡಿದರೆ, ಹೀಟ್‌ಮ್ಯಾಪ್ ಬದಿಗಿಟ್ಟು ದಿನವನ್ನು ಸೂತ್ರಕ್ಕೆ ಸೇರಿಸಿ.

ಪ್ರಶ್ನೆ: ಎಕ್ಸೆಲ್‌ನಲ್ಲಿ ತೆರೆದರೆ ಕೆಲವು ಜೀನ್ ಹೆಸರು ತಾರೀಖಾಗುತ್ತವೆ!
— ಭಟ್ಕಳ

ಉತ್ತರ: ಸೆಪ್ಟ್2 ಎಂಬುದು ಸೆಪ್ಟೆಂಬರ್ 2 ಆಗುತ್ತದೆ. 2016ರ ಒಂದು ಪರಿಶೀಲನೆಯಲ್ಲಿ ಎಕ್ಸೆಲ್ ಜೀನ್ ಪಟ್ಟಿ ಜೋಡಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲೊಂದರಲ್ಲಿ ಇಂಥ ತಪ್ಪು ಸಿಕ್ಕಿತ್ತು. 2020ರಲ್ಲಿ ಮಾನವ ಜೀನ್‌ಗಳ ನಾಮಕರಣ ಸಮಿತಿ ಹೆಸರನ್ನೇ ಸೆಪ್ಟಿನ್2 ಎಂದು ಬದಲಿಸಿತು. ಫೈಲನ್ನು ಎರಡು ಸಲ ಒತ್ತಿ ತೆರೆಯಬೇಡಿ. ಖಾಲಿ ಹಾಳೆ ತೆರೆದು, ಡೇಟಾ ವಿಭಾಗದಿಂದ ತರಿಸಿಕೊಂಡು, ಜೀನಿನ ಕಾಲಂ ‘ಟೆಕ್ಸ್ಟ್’ ಎಂದು ಹೇಳಿ. ಒಮ್ಮೆ ತಾರೀಖಾಗಿ ಉಳಿಸಿದ್ದು ಹಿಂದಕ್ಕೆ ಬರುವುದಿಲ್ಲ, ಮೂಲ ಫೈಲು ಬೇರೆ ಇರಲಿ.

ಪ್ರಶ್ನೆ: ನಮ್ಮ ಪದವಿ ಕಾಲೇಜಿನಲ್ಲಿ ಪ್ರಯೋಗಕ್ಕೆ ಅನುದಾನವಿಲ್ಲ. ವಿದ್ಯಾರ್ಥಿಗಳಿಗೆ ಕಂಪ್ಯೂಟರಿನಲ್ಲಾದರೂ ಕಲಿಸಬಹುದೆ?
— ಉಪನ್ಯಾಸಕಿ, ಅಂಕೋಲಾ

ಉತ್ತರ: ಖಂಡಿತ ಕಲಿಸಿ. ಆರ್‌ನ ಜೀವವಿಜ್ಞಾನ ಪ್ಯಾಕೇಜುಗಳ ಭಂಡಾರವಾದ ಬಯೋಕಂಡಕ್ಟರ್‌ನಲ್ಲಿ ಏರ್‌ವೇ ಎಂಬ ಚಿಕ್ಕ ಡೇಟಾ ಇದೆ: ಮನುಷ್ಯರ ಶ್ವಾಸನಾಳದ ನಾಲ್ಕು ಕೋಶಸಾಲು, ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟದ್ದು, ಕೊಡದ್ದು, ಒಟ್ಟು 8 ಮಾದರಿ. ಎಣಿಕೆ ಸಿದ್ಧವಿರುವುದರಿಂದ ಹಳೆಯ ಕಂಪ್ಯೂಟರಿನಲ್ಲೂ ನಿಮಿಷಗಳಲ್ಲಿ ಮುಗಿಯುತ್ತದೆ. ಸೂತ್ರದಲ್ಲಿ ಕೋಶಸಾಲನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಓಡಿಸಿ, ಎಷ್ಟು ಜೀನ್ ವ್ಯತ್ಯಾಸವಾಯಿತು ಎಂದು ಮಕ್ಕಳೇ ಎಣಿಸಲಿ. ಕುಮಟಾದ ವಿದ್ಯಾರ್ಥಿ ಎಡವಿದ ಆಧಾರದ ಗೊಂದಲ ಇದರಲ್ಲೂ ಇದೆ: ಔಷಧ ಕೊಟ್ಟ ಗುಂಪಿನ ಹೆಸರು ಟಿಯಿಂದ, ಕೊಡದ್ದರದು ಯುಯಿಂದ ಶುರು. ಸರಿಪಡಿಸಿದ ಮೇಲೆ ಎಫ್‌ಕೆಬಿಪಿ5 ಜೀನ್ ಏರಿರಬೇಕು. ಸ್ಟೀರಾಯ್ಡಿಗೆ ಅದು ಏರುವುದು ಮೊದಲೇ ತಿಳಿದ ಸಂಗತಿ. ಇಳಿದಂತೆ ತೋರಿಸಿದವರ ಹಾಳೆ ಹಿಂದಕ್ಕೆ ಕೊಡಿ, ತಪ್ಪು ಎಲ್ಲಿ ಎಂದು ಅವರೇ ಹುಡುಕಲಿ.